ಮಹಡಿಯಲ್ಲಿ ಕುಳಿತರೂ ಫೋನು ಕೆಳಗಿನ ವೈಫೈಯನ್ನು ಬಿಡುತ್ತಿಲ್ಲ

ಪ್ರಶ್ನೆ: ಸರ್, ನಮ್ಮದು ಮರದ ಮಾಳಿಗೆಯ ಹಳೆಯ ಮನೆ. ಮಹಡಿಗೆಂದು ಕೆಳಗಿನ ರೂಟರಿನಿಂದ ಕೇಬಲ್ ಎಳೆದು ಇನ್ನೊಂದು ರೂಟರ್ ಇಟ್ಟಿದ್ದೇವೆ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ. ಆದರೂ ಹೊಸ ರೂಟರಿನ ಪಕ್ಕದಲ್ಲೇ ಕುಳಿತರೂ ನನ್ನ ಐಫೋನು ಕೆಳಗಿನದಕ್ಕೇ ಅಂಟಿಕೊಂಡಿರುತ್ತದೆ. ಎಂದಾದರೂ ತಾನಾಗಿ ಬದಲಾಯಿಸಿದರೆ ವಿಡಿಯೊ ಕರೆ ಕಡಿದುಹೋಗುತ್ತದೆ. ಹೊಸ ರೂಟರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ ಮೇಡಂ. ಯಾವ ರೂಟರಿಗೆ ಸೇರಬೇಕೆಂದು ತೀರ್ಮಾನಿಸುವುದು ಫೋನು. ಐಫೋನು ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಕೆಳಗೆ ಇಳಿಯುವವರೆಗೆ ಬೇರೆಯದನ್ನು ಹುಡುಕುವುದೇ ಇಲ್ಲ. ಹುಡುಕಿದರೂ ಹೊಸದು ಕನಿಷ್ಠ 8 ಡಿಬಿ ಜೋರಾಗಿರಬೇಕು. ಏರ್‌ಪೋರ್ಟ್ ಯುಟಿಲಿಟಿ ಆ್ಯಪ್‌ನಲ್ಲಿ ವೈಫೈ ಸ್ಕ್ಯಾನರ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಮಹಡಿಯಲ್ಲಿ ಕುಳಿತು ಎರಡರ ಅಂಕಿಯನ್ನೂ ಹೇಳಿ. ಎರಡೂ ಕಡೆ ಫೋನಿನ ಐಪಿ ವಿಳಾಸ (ರೂಟರ್ ಫೋನಿಗೆ ಕೊಡುವ ಗುರುತಿನ ಸಂಖ್ಯೆ) ಏನಿದೆ ಎಂಬುದೂ ಬೇಕು.

ಪ್ರಶ್ನೆ: ಕೆಳಗಿನದು ಮೈನಸ್ 66, ಮೇಲಿನದು ಮೈನಸ್ 38. ಎರಡೂ ಚಾನೆಲ್ 6. ವಿಳಾಸ ಕೆಳಗೆ 192.168.1ರಿಂದ, ಮೇಲೆ 192.168.0ರಿಂದ ಶುರುವಾಗುತ್ತದೆ.

ಉತ್ತರ: ರೋಗ ಸಿಕ್ಕಿತು. ಕರೆ ಕಡಿಯುವುದು ವಿಳಾಸದಿಂದ. ಮೇಲಿನ ರೂಟರ್ ತನ್ನದೇ ಬೇರೆ ಸಂಸಾರ ಹೂಡಿ ತಾನೇ ವಿಳಾಸ ಹಂಚುತ್ತಿದೆ. ಅತ್ತ ಹೋದೊಡನೆ ಫೋನಿನ ವಿಳಾಸವೇ ಬದಲಾಗುತ್ತದೆ, ಕರೆ ತಬ್ಬಿಬ್ಬಾಗುತ್ತದೆ. ಅದರ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸಿ. ಆಮೇಲೆ ವಿಳಾಸ ಕೊಡುವ ಯಜಮಾನಿಕೆ ಕೆಳಗಿನದಕ್ಕೆ ಮಾತ್ರ.

ಅಂಟಿಕೊಳ್ಳುವುದಕ್ಕೆ ಕಾರಣ ಆ 66. ಮರದ ಹಲಗೆ ಸಿಗ್ನಲನ್ನು ಅಷ್ಟಾಗಿ ತಡೆಯುವುದಿಲ್ಲ, ಹಾಗಾಗಿ ಫೋನಿಗೆ ಹುಡುಕುವ ಹಸಿವೇ ಹುಟ್ಟಿಲ್ಲ. ಇಲ್ಲಿ ಜನ ಶಕ್ತಿ ಹೆಚ್ಚಿಸುತ್ತಾರೆ, ನೀವು ಇಳಿಸಬೇಕು. ಕೆಳಗಿನ ರೂಟರಿನ ಟ್ರಾನ್ಸ್‌ಮಿಟ್ ಪವರ್ ಕಾಲು ಭಾಗಕ್ಕೆ ಇಳಿಸಿದರೆ 6 ಡಿಬಿ ಕಡಿಮೆ, ಅಂದರೆ ಮಹಡಿಯಲ್ಲಿ ಮೈನಸ್ 72. ಗೆರೆ ದಾಟಿತು. ಎರಡೂ ಒಂದೇ ಚಾನೆಲ್‌ನಲ್ಲಿದ್ದರೆ ಒಂದಕ್ಕೊಂದು ಅಡ್ಡಬರುತ್ತವೆ, ಹಾಗಾಗಿ ಒಂದು ರೂಟರಿಗೆ ಚಾನೆಲ್ 1, ಇನ್ನೊಂದಕ್ಕೆ 11 ಇಡಿ.

ಪ್ರಶ್ನೆ: 802.11ಆರ್ ಎಂಬುದನ್ನೂ ಆನ್ ಮಾಡಬೇಕೆ?

ಉತ್ತರ: ಫೋನು ಒಂದು ರೂಟರಿನಿಂದ ಇನ್ನೊಂದಕ್ಕೆ ಬೇಗ ದಾಟಲೆಂದು ಇರುವ ವ್ಯವಸ್ಥೆ ಅದು. ಎರಡು ಬೇರೆ ಬೇರೆ ರೂಟರುಗಳಲ್ಲಿ ಸಾಮಾನ್ಯವಾಗಿ ಹೊಂದಿಕೊಳ್ಳುವುದಿಲ್ಲ. ಬಿಟ್ಟುಬಿಡಿ.

ಪ್ರಶ್ನೆ: ಮಾಡಿದೆ ಸರ್. ಮೆಟ್ಟಿಲಿನ ತಿರುವಿನಲ್ಲಿ ಚಿತ್ರ ಒಂದು ಕ್ಷಣ ನಿಂತು ಮತ್ತೆ ನಡೆಯಿತು, ಕರೆ ಕಡಿಯಲಿಲ್ಲ. ಆದರೆ ಬಾವಿಕಟ್ಟೆಗೆ ವೈಫೈ ಬರುತ್ತಿಲ್ಲವೆಂದು ಅತ್ತೆ ಬೆಳಗಿನಿಂದ ಕೇಳುತ್ತಿದ್ದಾರೆ.

ಉತ್ತರ: ಕೆಳಗಿನ ರೂಟರನ್ನು ಹಿತ್ತಿಲ ಕಡೆಯ ಕೋಣೆಗೆ ಸರಿಸಿ ನೋಡಿ. ಪವರ್ ಮಾತ್ರ ಮುಟ್ಟಬೇಡಿ.