ಬಿಗಿತ, ಸೆಟೆತ, ಮುರುಟು: ಯಾವುದಕ್ಕೆ ಯಾವ ಪದ?

ಗೆಳೆಯರೇ,

ಫಿಸಿಯೋಥೆರಪಿ ಕಲಿಯುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪುಟದಲ್ಲಿ ಸಿಕ್ಕಿಹಾಕಿಕೊಂಡು ವಾರವಾಯ್ತು. ಸ್ಟಿಫ್‌ನೆಸ್, ಸ್ಪ್ಯಾಸ್ಟಿಸಿಟಿ, ರಿಜಿಡಿಟಿ, ಕಾಂಟ್ರಾಕ್ಚರ್. ನಾಲ್ಕಕ್ಕೂ ಮೊದಲು ನಾಲಿಗೆಗೆ ಬರುವುದು 'ಬಿಗಿತ'. ರೋಗಿಗಳೂ "ಕೈ ಬಿಗಿಯಾಗಿದೆ" ಅಂತಲೇ ಹೇಳುತ್ತಾರೆ. ಅವರಿಗೆ ಅಷ್ಟು ಸಾಕು. ಕಲಿಯುವವರಿಗೆ ಸಾಲದು, ಅಲ್ವಾ?

ವ್ಯತ್ಯಾಸ ತಿಳಿಯುವುದು ಕೈಗೆ. ಪಾರ್ಶ್ವವಾಯು ಆದವರ ಮಡಿಸಿದ ಮೊಣಕೈಯನ್ನು ಮೆಲ್ಲಗೆ ಬಿಡಿಸಿದರೆ ಹೆಚ್ಚುಕಡಿಮೆ ಸಲೀಸಾಗಿ ಬರುತ್ತದೆ. ಬೇಗ ಬಿಡಿಸಲು ಹೋದರೆ ನಡುವೆ ಎಲ್ಲೋ ಗಕ್ಕನೆ ಹಿಡಿದುಕೊಳ್ಳುತ್ತದೆ. ಅದು ಸ್ಪ್ಯಾಸ್ಟಿಸಿಟಿ. 1980ರಲ್ಲಿ ನರವೈದ್ಯ ಲ್ಯಾನ್ಸ್ ಕೊಟ್ಟ ವ್ಯಾಖ್ಯೆಯಲ್ಲೂ ಈ ವೇಗದ ಮಾತೇ ಮುಖ್ಯ. ಪಾರ್ಕಿನ್ಸನ್ ಇರುವವರ ಕೈ ಹಾಗಲ್ಲ. ಮೆಲ್ಲಗೆ ಬಿಡಿಸಿ, ಬೇಗ ಬಿಡಿಸಿ, ಸೀಸದ ಕೊಳವೆ ಬಗ್ಗಿಸಿದ ಹಾಗೆ ಉದ್ದಕ್ಕೂ ಒಂದೇ ತಡೆ. ಅದು ರಿಜಿಡಿಟಿ. ಇನ್ನು ಸ್ನಾಯುವೇ ಗಿಡ್ಡವಾಗಿಬಿಟ್ಟಿದ್ದರೆ ಎಷ್ಟು ಪುಸಲಾಯಿಸಿದರೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅದು ಕಾಂಟ್ರಾಕ್ಚರ್.

ಸದ್ಯಕ್ಕೆ ಸ್ಪ್ಯಾಸ್ಟಿಸಿಟಿಗೆ 'ಸೆಟೆತ', ರಿಜಿಡಿಟಿಗೆ 'ಪೆಡಸು', ಕಾಂಟ್ರಾಕ್ಚರ್‌ಗೆ 'ಮುರುಟು' ಅಂತ ಇಟ್ಟುಕೊಂಡಿದ್ದೇನೆ. 'ಬಿಗಿತ'ವನ್ನು ರೋಗಿಯ ಮಾತಿಗೇ ಬಿಟ್ಟಿದ್ದೇನೆ. ಸ್ಪ್ಯಾಸ್ಟಿಸಿಟಿಯ ಗ್ರೀಕ್ ಬೇರಿಗೆ 'ಎಳೆ' ಎಂಬ ಅರ್ಥವಿದೆ, ಅದಕ್ಕೆ ಮೊದಲು 'ಸೆಳೆತ' ಅಂತ ಬರೆದಿದ್ದೆ. ಆದರೆ ಸೆಳೆತ ಅಂದರೆ ಫಿಟ್ಸ್ ಅಥವಾ ಮೀನಖಂಡ ಹಿಡಿದುಕೊಳ್ಳುವುದು ನೆನಪಾಗುತ್ತದೆ. ಹೊಡೆದುಹಾಕಿದೆ. 'ಪೆಡಸು' ಬಗ್ಗೆ ಈಗಲೂ ಧೈರ್ಯವಿಲ್ಲ. ಪಟ್ಟನೆ ಮುರಿಯುವ ವಸ್ತುವಿನ ಛಾಯೆ ಅದರಲ್ಲಿದೆ.

ಸುಮ್ನೆ ಪದದ ಹುಚ್ಚಿಗೆ ಕೇಳುತ್ತಿಲ್ಲ. ಇದೇ ಪದಗಳನ್ನು ಹಿಡಿದು ಮುಂದೆ ಸಂಶೋಧನೆಗೂ ಅಳೆಯುತ್ತಾರೆ. 1987ರಲ್ಲಿ ಬೊಹಾನನ್ ಮತ್ತು ಸ್ಮಿತ್ ತಿದ್ದಿದ, ಸ್ಪ್ಯಾಸ್ಟಿಸಿಟಿಗೆ ಅಂಕ ಕೊಡುವ ಆಶ್‌ವರ್ತ್ ಅಳತೆಯಲ್ಲಿ 0, 1, 1+, 2, 3, 4 ಅಂತ ಆರು ಮೆಟ್ಟಿಲು. ಜಾಸ್ತಿ ಗೊಂದಲ 1ಕ್ಕೂ 1+ಗೂ ನಡುವೆ. ಬಿಡಿಸುವಾಗ ಸ್ನಾಯು ಒಮ್ಮೆ ಹಿಡಿದು ಬಿಟ್ಟರೆ 1. ಹಿಡಿದ ಮೇಲೆ ಉಳಿದ ದಾರಿಯಲ್ಲೂ ಸ್ವಲ್ಪ ತಡೆಯುತ್ತಲೇ ಇದ್ದರೆ 1+. ಒಬ್ಬರೇ ರೋಗಿಗೆ ಇಬ್ಬರು ಬೇರೆಬೇರೆ ಅಂಕ ಬರೆದರೆ, ಕೈ ಸುಧಾರಿಸಿತೋ ಅಳೆದವರು ಬದಲಾದರೋ ಗೊತ್ತಾಗುವುದಿಲ್ಲ. ಆ ಅಳತೆಯ 'ಕ್ಯಾಚ್ ಅಂಡ್ ರಿಲೀಸ್' ಎಂಬಲ್ಲಿ ಮಾತ್ರ ನಾನು ತಿಣುಕಲೇ ಇಲ್ಲ. 'ಹಿಡಿದು ಬಿಡುವುದು' ತಾನಾಗಿಯೇ ಬಂದು ಕೂತಿತು.

(ರಿಹ್ಯಾಬಿಲಿಟೇಶನ್‌ಗೆ 'ಪುನರ್ವಸತಿ' ಅಂದಾಗಲೆಲ್ಲ ಮನೆ ಮುಳುಗಿದವರಿಗೆ ಸೈಟು ಹಂಚಿದ ಹಾಗೆ ಕೇಳಿಸುತ್ತದೆ. ಆ ಜಗಳ ಇನ್ನೊಮ್ಮೆ.)

ಮಡಿಸಿಯೇ ಉಳಿದ ಬೆರಳಿಗೆ ನೀವು ಏನನ್ನುತ್ತೀರಿ, 'ಮುರುಟಿದೆ'ಯೋ 'ಮುದುರಿದೆ'ಯೋ? ಮುದುರಿದ್ದನ್ನು ಬಿಡಿಸಬಹುದು, ಮುರುಟಿದ್ದು ಬಿಡಿಸಲು ಬರುವುದಿಲ್ಲ ಅಂತ ನನ್ನ ಕಿವಿಗೆ ಅನ್ನಿಸುತ್ತದೆ. ನಿಮಗೂ ಹಾಗೇ ಕೇಳಿಸುತ್ತದಾ? 'ಪೆಡಸು'ಗೆ ಬದಲಿ ಹೊಳೆದರೆ ಅದನ್ನೂ ತಿಳಿಸಿ.