ಕ್ಯಾರವಾನ್ ಗೀಸರ್‌ನಿಂದ ನೀರು ಸೋರುತ್ತಿದೆ, ವಾಲ್ವಿಗೆ ಪ್ಲಗ್ ಹಾಕಬಹುದಾ?

ಕಾಪುವಿನ ಅಲೆಮಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್. ಒಳಗೆ ಮಂಚ, ಅಡುಗೆಕಟ್ಟೆ, ಸಣ್ಣ ಬಾತ್‌ರೂಮ್ ಮಾಡಿಸಿ ಕ್ಯಾರವಾನ್ ಮಾಡಿಕೊಂಡಿದ್ದೇವೆ. ಮನೆಗೆ ಹಾಕುವಂಥದ್ದೇ 10 ಲೀಟರ್‌ನ ಕರೆಂಟ್ ಗೀಸರ್ ಕಪಾಟಿನೊಳಗೆ ಉಂಟು, ಹೋಂಸ್ಟೇಯಲ್ಲೋ ನೆಂಟರ ಅಂಗಳದಲ್ಲೋ ಗಾಡಿ ನಿಲ್ಲಿಸಿದಾಗ ಅವರ 16 ಆಂಪಿಯರ್ ಪಾಯಿಂಟಿನಿಂದ ವಯರ್ ಎಳೆದು ಹಾಕುತ್ತೇವೆ. ನೀರಿಗೆ 12 ವೋಲ್ಟ್ ಪಂಪ್, ನಲ್ಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುವಂಥದ್ದು.

ಈಗ ಕಪಾಟಿನ ಪ್ಲೈವುಡ್ ಯಾವಾಗ ನೋಡಿದರೂ ಒದ್ದೆ. ಮಳೆ ನೀರಂತೂ ಅಲ್ಲ, ಮಳೆ ಹೋಗಿ ಎಷ್ಟೋ ದಿನ ಆಯಿತು. ತಣ್ಣೀರು ಬರುವ ಕಡೆ ಒಂದು ಹಿತ್ತಾಳೆಯ ಸೇಫ್ಟಿ ವಾಲ್ವ್ ಇದೆಯಲ್ಲ, ಅದರ ಸಣ್ಣ ಬಾಯಿಯಿಂದ ಹನಿ ಬೀಳುವುದು ಕಾಣುತ್ತದೆ. ಗೀಸರ್‌ನ ಅಡಿಯಲ್ಲಿ, ಕಾಯಿಲ್ ಕೂರುವ ತಟ್ಟೆಯ ಸುತ್ತ ಕಂದು ಕಲೆಯೂ ಉಂಟು. ಪ್ಲಂಬರ್ ಬಂದು ನೋಡಿ "ಆ ಬಾಯಿಗೆ ಒಂದು ಎಂಡ್ ಪ್ಲಗ್ ಹೊಡೆದುಬಿಡುವ, ಮುಗಿಯಿತು" ಅಂದರು. ಫ್ರೆಂಡ್ ಒಬ್ಬ ಇದನ್ನು ತೆಗೆದು ಗ್ಯಾಸ್ ಗೀಸರ್ ಹಾಕು ಅನ್ನುತ್ತಾನೆ. ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಶೃಂಗೇರಿ, ಕುದುರೆಮುಖ ಕಡೆ ಹೋಗಬೇಕು. ಅಲ್ಲಿಯ ಚಳಿಗೆ ಬಿಸಿನೀರು ಇಲ್ಲ ಅಂದರೆ ಅವರು ಗಾಡಿ ಹತ್ತುವುದೇ ಇಲ್ಲ. ಎಂತ ಮಾಡುವುದು ಹೇಳಿ.

ಬೈಕಂಪಾಡಿ ಫಿಟ್ಟರ್

ಪ್ಲಗ್ ಮಾತ್ರ ಹಾಕಬೇಡಿ ಮಾರಾಯ್ರೆ. ಆ ಬಾಯಿ ಇರುವುದೇ ನೀರು ಹೊರಗೆ ಬಿಡಲಿಕ್ಕೆ. ಬಿಸಿ ಸಾಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟ್ಯಾಟ್ ಕೆಟ್ಟು ನೀರು ಕುದಿಯಲು ಶುರುವಾದ ದಿನ ಅದು ಬಂದ್ ಆಗಿದ್ದರೆ ಟ್ಯಾಂಕೇ ಒಡೆಯಬಹುದು, ಅದೂ ನೀವು ಮಲಗುವ ಜಾಗದ ಪಕ್ಕದಲ್ಲಿ.

ಮೊದಲು ಒಂದು ಲೆಕ್ಕ ನೋಡಿ. 25 ಡಿಗ್ರಿ ನೀರನ್ನು 70 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ನೂರಕ್ಕೆ ಎರಡು ಪಾಲು ಹಿಗ್ಗುತ್ತದೆ. 10 ಲೀಟರಿಗೆ 200 ಮಿಲಿ, ಅಂದರೆ ಒಂದು ಲೋಟ. ಮನೆಯಲ್ಲಿ ವಾಪಸ್ ಹೋಗದಂತೆ ತಡೆಯುವ ವಾಲ್ವ್ ಇಲ್ಲದಿದ್ದರೆ ಆ ಒಂದು ಲೋಟ ಪೈಪಿನಲ್ಲಿ ಹಿಂದೆ ಸರಿದು ಮೇಲಿನ ಟ್ಯಾಂಕಿಗೆ ಹೋಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಅದು ಹೋಗುವುದೆಲ್ಲಿಗೆ? ಆ ಪಂಪ್ ನೀರನ್ನು ಮುಂದೆ ಬಿಡುತ್ತದೆಯೇ ಹೊರತು ಹಿಂದೆ ಬಿಡುವುದಿಲ್ಲ. ಸೇಫ್ಟಿ ವಾಲ್ವಿನೊಳಗೂ ಸಾಮಾನ್ಯವಾಗಿ ಅಂಥದ್ದೇ ಒಂದು ತಡೆ ಇರುತ್ತದೆ. ನಲ್ಲಿ ಎಲ್ಲ ಬಂದ್. ಪ್ರೆಶರ್ ಏರಿ ಏರಿ 8 ಬಾರ್ ಹತ್ತಿರ ಬಂದಾಗ ವಾಲ್ವ್ ಹನಿ ಹನಿಯಾಗಿ ಬಿಡುತ್ತದೆ. ಅದು ಕೆಟ್ಟಿಲ್ಲ, ಅದರ ಕೆಲಸ ಅದು ಮಾಡುತ್ತಿದೆ.

ಹಾಗಾಗಿ ಏನನ್ನೂ ಬಿಚ್ಚುವ ಮೊದಲು, ಸೋರುವುದು ಯಾವಾಗ ಅಂತ ನೋಡಿ. ಎಲ್ಲ ಒರೆಸಿ ಒಣಗಿಸಿ, ಕೆಳಗೆ ಪೇಪರ್ ಹಾಸಿ, ಆ ಬಾಯಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ ಬಾಟಲಿಗೆ ಬಿಡಿ. ಒಂದು ರಾತ್ರಿ ಗೀಸರ್ ಆಫ್ ಇಟ್ಟು ಪಂಪ್ ಮಾತ್ರ ಆನ್ ಇಡಿ. ಮರುದಿನ ಗೀಸರ್ ಆನ್ ಮಾಡಿ ನೋಡಿ. ಬಿಸಿಯಾಗುವಾಗ ಮಾತ್ರ ಬಾಟಲಿಗೆ ಒಂದು ಲೋಟದಷ್ಟು ಬಂದರೆ ಅದು ನಾನು ಹೇಳಿದ ಹಿಗ್ಗುವ ನೀರು. ತಣ್ಣಗಿದ್ದಾಗಲೂ ಬಾಯಿಯಿಂದ ಹನಿದರೆ ವಾಲ್ವಿನೊಳಗೆ ಕಸವೋ ಮರಳೋ ಕೂತಿದೆ. ಯಾಕೆ ಅಂದರೆ ಆ ಸೈಜಿನ ಪಂಪ್ ಮೂರು ಬಾರ್ ಆಸುಪಾಸಿಗೇ ನಿಂತುಬಿಡುತ್ತದೆ, ಅಷ್ಟಕ್ಕೆ ವಾಲ್ವ್ ತೆರೆಯಬಾರದು. ಅದರ ಸಣ್ಣ ಲಿವರ್ ನಾಲ್ಕೈದು ಸಲ ಎತ್ತಿ ಬಿಡಿ, ಕಸ ತೊಳೆದು ಹೋಗುತ್ತದೆ. ಹೋಗದಿದ್ದರೆ ಹೊಸದು ಹಾಕಿ, ದೊಡ್ಡ ಖರ್ಚಲ್ಲ. ರಾತ್ರಿ ಯಾರೂ ನಲ್ಲಿ ಮುಟ್ಟದೆ ಪಂಪ್ ಆಗಾಗ ಗುರ್ ಅಂತ ಸ್ಟಾರ್ಟ್ ಆಗುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ ಅಂತಲೇ ಅರ್ಥ.

ಕಂದು ಕಲೆಯ ವಿಷಯ ಬೇರೆ. ಅದನ್ನು ಆಮೇಲೆ ನೋಡುವ.

ಚಾರ್ಮಾಡಿ ತಿರುವು

ಫಿಟ್ಟರ್ ಅಣ್ಣ ಹೇಳಿದ್ದು ಸರಿ. ಆದರೆ ಗಾಡಿಯ ಗೀಸರ್‌ಗೆ ಇನ್ನೊಂದು ರೋಗ ಉಂಟು, ಕುಲುಕಾಟ. ಮನೆ ಗೋಡೆಗೆ ಅಂತ ಮಾಡಿದ ಎರಡು ಕೊಕ್ಕೆಯಲ್ಲಿ ಹತ್ತು ಕೆ.ಜಿ. ನೀರು ತೂಗಾಡಿಕೊಂಡು ಘಾಟಿ ಹತ್ತುತ್ತದೆ, ಇಳಿಯುತ್ತದೆ. ಗೀಸರ್ ಅಲ್ಲಾಡಿದಷ್ಟೂ ಪೈಪಿನ ಜಾಯಿಂಟ್ ಅಲ್ಲಾಡುತ್ತದೆ. ಸಿಪಿವಿಸಿ (ಬಿಸಿನೀರಿನ ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿದ್ದರೆ ಮೊದಲು ಎಲ್ಬೋ ಹತ್ತಿರ ಕೂದಲಿನಷ್ಟು ಸಣ್ಣ ಬಿರುಕು ಉಂಟಾ ನೋಡಿ. ಗಾಡಿ ಓಡುವಾಗ ಸೋರಿ ನಿಂತಾಗ ಬಂದ್ ಆಗುವ ಲೀಕ್ ಹೆಚ್ಚಾಗಿ ಅಲ್ಲೇ ಇರುವುದು. ಗೀಸರ್‌ಗೂ ಪೈಪಿಗೂ ಮಧ್ಯೆ ಸ್ಟೀಲ್ ಜಾಲರಿಯ ಬಗ್ಗುವ ಹೋಸ್ ಹಾಕಿ, ಸ್ವಲ್ಪ ಉದ್ದ ಬಿಟ್ಟು ಬಳಸಿ ತನ್ನಿ. ಗೀಸರ್ ಕೆಳಗೆ ಮರದ ಪೀಠ ಕೊಟ್ಟು, ಸುತ್ತ ಅಗಲದ ಪಟ್ಟಿ ಬಿಗಿಯಿರಿ.

ಕ್ಲಿಪ್ ಎಲ್ಲ ಸ್ಟೇನ್‌ಲೆಸ್ ಸ್ಟೀಲಿನದ್ದೇ ಬೇಕು. ನಮ್ಮ ಕಡಲಗಾಳಿಗೆ ಸಾದಾ ಕಬ್ಬಿಣದ ಕ್ಲಿಪ್ ತುಕ್ಕು ಹಿಡಿಯಲಿಕ್ಕೆ ಎಷ್ಟು ದಿನ ಬೇಕು? ನೀವು ಕಾಪುವಿನವರಾದರೆ ಮಲ್ಪೆಯಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ಉಪ್ಪುನೀರಿಗೆ ತಡೆಯುವ ಸಾಮಾನು ಏನು ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಸುಮ್ನೆ ಸುತ್ತಾಡುವವ

ಇಷ್ಟೆಲ್ಲ ತಲೆಬಿಸಿ ಯಾಕೆ? ಇನ್‌ಸ್ಟಂಟ್ ಗ್ಯಾಸ್ ಗೀಸರ್ ಹಾಕಿ. ಟ್ಯಾಂಕೇ ಇಲ್ಲ, ಲೀಕ್ ಎಲ್ಲಿಂದ ಬಂತು? ಕರೆಂಟೂ ಬೇಡ.

ಉಡುಪಿ ವಯರ್‌ಮ್ಯಾನ್

ದಯವಿಟ್ಟು ಆ ಸಲಹೆ ಕೇಳಬೇಡಿ. ಗ್ಯಾಸ್ ಉರಿಯುವಾಗ ಒಳಗಿನ ಗಾಳಿಯನ್ನೇ ತಿನ್ನುತ್ತದೆ, ಗಾಳಿ ಕಮ್ಮಿಯಾದಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಮನೆಯ ಬಚ್ಚಲಲ್ಲೇ ಜನ ಸತ್ತ ಸುದ್ದಿ ಚಳಿಗಾಲದಲ್ಲಿ ಪೇಪರಿನಲ್ಲಿ ಬರುತ್ತಿರುತ್ತದೆ, ಅಲ್ವಾ? ಕಿಟಕಿ ಮುಚ್ಚಿದ ಗಾಡಿ ಆ ಬಚ್ಚಲಿಗಿಂತಲೂ ಇಕ್ಕಟ್ಟು. ಹೊರದೇಶದ ಕ್ಯಾರವಾನ್‌ಗಳಲ್ಲಿ ಗ್ಯಾಸ್ ಹೀಟರ್ ಇರುವುದು ಹೌದು, ಆದರೆ ಅದರ ಬೆಂಕಿಯ ಪೆಟ್ಟಿಗೆ ಗಾಡಿಯ ಒಳಗಿನಿಂದ ಪೂರ್ತಿ ಬೇರೆ, ಗಾಳಿ ತೆಗೆದುಕೊಳ್ಳುವುದೂ ಹೊಗೆ ಬಿಡುವುದೂ ಹೊರಗೆ. ಬಚ್ಚಲಿಗೆ ನೇತುಹಾಕುವ ಡಬ್ಬ ಬೇರೆ, ಅದು ಬೇರೆ.

ಕೇಳಿದವರಿಗೆ ನನ್ನದೊಂದು ಮಾತು. ತಟ್ಟೆಯ ಹತ್ತಿರ ಒದ್ದೆ ಅಂದರೆ ನೀರು ಕರೆಂಟಿನ ಟರ್ಮಿನಲ್ ಪಕ್ಕದಲ್ಲೇ ಇದೆ. ಗಾಡಿಯ ಬಾಡಿ ಪೂರ್ತಿ ಲೋಹ. ಒದ್ದೆ ಕಾಲಿನಲ್ಲಿ ಹೊರಗೆ ನೆಲದ ಮೇಲೆ ನಿಂತು ಬಾಗಿಲಿನ ಹಿಡಿ ಮುಟ್ಟಿದರೆ ಶಾಕ್ ಹೊಡೆಯಬಹುದು. ಸೋರಿಕೆ ಸರಿಯಾಗುವವರೆಗೆ ಗೀಸರ್ ಆನ್ ಮಾಡಬೇಡಿ. ಫಿಟ್ಟರ್ ಹೇಳಿದ ಪರೀಕ್ಷೆಯಲ್ಲೂ ತಟ್ಟೆ ಒಣಗಿದ್ದರೆ ಮಾತ್ರ ಎರಡನೇ ಭಾಗಕ್ಕೆ ಹೋಗಿ. ಗಾಡಿಗೆ ಕರೆಂಟ್ ಬರುವ ಜಾಗದಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಮಾಡುವ ಸ್ವಿಚ್) ಹಾಕಿಸಿ, ಗಾಡಿಯ ಲೋಹದ ಬಾಡಿಗೂ ಅರ್ತಿಂಗ್ ಕೊಡಿಸಿ. ಇನ್ನು ಇನ್ವರ್ಟರ್‌ನಲ್ಲಿ ಗೀಸರ್ ಓಡಿಸುವ ಆಸೆ ಇದ್ದರೆ ಬಿಡಿ. 2000 ವಾಟ್‌ಗೆ 12 ವೋಲ್ಟಿನ ಬ್ಯಾಟರಿಯಿಂದ 165 ಆಂಪಿಯರಿಗೂ ಜಾಸ್ತಿ ಎಳೆಯಬೇಕು.

ಕಾಪುವಿನ ಅಲೆಮಾರಿ

ಎಲ್ಲರಿಗೂ ಥ್ಯಾಂಕ್ಸ್. ಗ್ಯಾಸ್ ವಿಚಾರ ಅಲ್ಲಿಗೇ ಬಿಟ್ಟೆ. ರಾತ್ರಿ ಪಂಪ್ ಮಾತ್ರ ಆನ್ ಇಟ್ಟು ನೋಡಿದೆ. ವಾಲ್ವಿನ ಬಾಯಿ ಒಣ, ಬಾಟಲಿ ಖಾಲಿ. ಆದರೆ ತಟ್ಟೆಯ ಒಂದು ಬದಿಯಲ್ಲಿ ಪೇಪರ್ ಒದ್ದೆಯಾಗಿ ಕಂದು ಬಣ್ಣ ಹತ್ತಿತ್ತು. ಪಂಪ್ ಒಮ್ಮೊಮ್ಮೆ ತಾನಾಗಿ ಓಡುವುದೂ ಕೇಳಿಸಿತು. ತಟ್ಟೆ ಒದ್ದೆ ಇರುವ ಕಾರಣ ಗೀಸರ್ ಆನ್ ಮಾಡಲಿಲ್ಲ. ಟ್ಯಾಂಕ್ ಹೋಯಿತಾ?

ಬೈಕಂಪಾಡಿ ಫಿಟ್ಟರ್

ಹೋಗಿಲ್ಲ ಅಂತಲೇ ಅನ್ನಿಸುತ್ತದೆ. ತಟ್ಟೆಯ ಅಂಚಿನಿಂದ ಬಂದರೆ ಹೆಚ್ಚಾಗಿ ಗ್ಯಾಸ್ಕೆಟ್, ಅಂದರೆ ತಟ್ಟೆಗೂ ಟ್ಯಾಂಕಿಗೂ ಮಧ್ಯದ ರಬ್ಬರ್ ಬಳೆ. ಬಿಸಿಗೂ ತಣ್ಣಗೂ ಸಿಕ್ಕಿ ರಬ್ಬರ್ ಗಟ್ಟಿಯಾಗುತ್ತದೆ, ಅದರ ಮೇಲೆ ಘಾಟಿಯ ಕುಲುಕಾಟ.

ಕರೆಂಟಿನ ಪ್ಲಗ್ ಕಿತ್ತು, ಪಂಪ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ತೆರೆದಿಡಿ. ಆಮೇಲೆ ತಣ್ಣೀರಿನ ಪೈಪನ್ನು ಸೇಫ್ಟಿ ವಾಲ್ವ್ ಸಮೇತ ಬಿಚ್ಚಿ ಖಾಲಿ ಮಾಡಿ. ನಲ್ಲಿ ತೆರೆದಿಡದಿದ್ದರೆ ಗಾಳಿ ಹೋಗದೆ ನೀರು ಇಳಿಯುವುದಿಲ್ಲ. ವಯರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ತಟ್ಟೆ ಬಿಚ್ಚಿದರೆ ಕಾಯಿಲ್ ಜೊತೆ ಒಂದು ಮೆಗ್ನೀಷಿಯಂ ಸರಳೂ ಬರುತ್ತದೆ, ಅದೇ ಆನೋಡ್ ರಾಡ್. ಟ್ಯಾಂಕಿನ ಬದಲು ತಾನು ಕರಗಲಿಕ್ಕೇ ಅದು ಇರುವುದು. ಸವೆದು ತಂತಿ ಮಾತ್ರ ಉಳಿದಿದ್ದರೆ ಹೊಸದು ಹಾಕಿ. ನಮ್ಮ ಕೆಂಪುಕಲ್ಲಿನ ನೆಲದ ಬಾವಿನೀರು ಸ್ವಲ್ಪ ಹುಳಿ ಜಾತಿಯದ್ದು, ಕಡಲಬದಿಯ ಬೋರ್‌ವೆಲ್ ಎಷ್ಟೋ ಕಡೆ ಉಪ್ಪು. ಎರಡೂ ಲೋಹ ತಿನ್ನುತ್ತವೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಿ.

ಗ್ಯಾಸ್ಕೆಟ್ ಅದೇ ಮಾಡೆಲಿನದ್ದು ತನ್ನಿ. ಹಳೆಯದನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ. ಕೂರುವ ಜಾಗ ಪೂರ್ತಿ ಕೆರೆದು ಸ್ವಚ್ಛ ಮಾಡಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಒಂದೇ ಬದಿ ಪೂರ್ತಿ ಬಿಗಿದರೆ ಇನ್ನೊಂದು ಬದಿ ಎದ್ದು ಅಲ್ಲಿಂದಲೇ ಸೋರುತ್ತದೆ. ವಾಪಸ್ ಕೂರಿಸಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ನೀರು ಒಂದೇ ಸಮನೆ ಬರುವವರೆಗೆ ಕರೆಂಟ್ ಕೊಡಬೇಡಿ, ನೀರಿಲ್ಲದೆ ಆನ್ ಆದರೆ ಕಾಯಿಲ್ ಸುಟ್ಟುಹೋಗುತ್ತದೆ.

ತಟ್ಟೆ ಒಣಗಿಯೂ ಮೇಲಿನ ಕವರ್ ಒಳಗಿನಿಂದ ತುಕ್ಕಿನ ನೀರು ಇಳಿದರೆ ಮಾತ್ರ ಟ್ಯಾಂಕ್ ತೂತಾಗಿದೆ. ಅದಕ್ಕೆ ಎಂ-ಸೀಲ್ ನಿಲ್ಲುವುದಿಲ್ಲ. ವೆಲ್ಡಿಂಗೂ ಆಗುವುದಿಲ್ಲ, ಒಳಗಿನ ಗಾಜಿನ ಲೇಪ ಆ ಬಿಸಿಗೆ ಸಿಡಿದುಹೋಗುತ್ತದೆ. ಹೊಸ ಗೀಸರೇ ಗತಿ.

ಕುಂದಾಪುರ ಟು ಟೆಕ್ಸಾಸ್

ಇಲ್ಲಿ ಅಮೆರಿಕದಲ್ಲಿ ನಮ್ಮ ಮೋಟರ್‌ಹೋಮ್‌ನಲ್ಲಿ 6 ಗ್ಯಾಲನ್ ಹೀಟರ್, ಅಂದರೆ 22 ಲೀಟರ್ ಚಿಲ್ಲರೆ. ಅದರ ಟ್ಯಾಂಕಿನ ಮೇಲ್ಭಾಗದಲ್ಲಿ ಬೇಕಂತಲೇ ಸ್ವಲ್ಪ ಗಾಳಿ ಬಿಟ್ಟಿರುತ್ತಾರೆ, ಹಿಗ್ಗಿದ ನೀರಿಗೆ ಜಾಗ ಬೇಕಲ್ಲ. ಆ ಗಾಳಿ ದಿನ ಹೋದ ಹಾಗೆ ನೀರಿನಲ್ಲಿ ಕರಗಿಹೋಗುತ್ತದೆ, ಆಗ ವಾಲ್ವ್ ಹನಿಯಲು ಶುರು. ಪೂರ್ತಿ ತಣ್ಣಗಾದ ಮೇಲೆ ಪಂಪ್ ಬಂದ್ ಮಾಡಿ, ಬಿಸಿ ನಲ್ಲಿ ತೆರೆದು, ವಾಲ್ವಿನ ಲಿವರ್ ಎತ್ತಿ ನೀರು ನಿಲ್ಲುವವರೆಗೆ ಬಿಟ್ಟರೆ ಗಾಳಿಯ ಜಾಗ ವಾಪಸ್ ಬರುತ್ತದೆ. ಊರಲ್ಲಿ ಯಾರಾದರೂ ಇಂಥ ಹೀಟರ್ ತರಿಸಿಕೊಂಡಿದ್ದರೆ ಗೊತ್ತಿರಲಿ. ಸಬರ್ಬನ್ ಕಂಪನಿಯದ್ದಾದರೆ ಸ್ಟೀಲ್ ಟ್ಯಾಂಕ್, ಆನೋಡ್ ರಾಡ್ ಇರುತ್ತದೆ. ಆಟ್‌ವುಡ್ ಕಂಪನಿಯದ್ದಾದರೆ ಅಲ್ಯೂಮಿನಿಯಂ, ಅದಕ್ಕೆ ರಾಡ್ ಇಲ್ಲ.

ಕಾಪುವಿನ ಅಲೆಮಾರಿ

ಗ್ಯಾಸ್ಕೆಟ್ ಬದಲಾಯಿಸಿ ಆಯಿತು, ರಾಡ್ ಪೆನ್ಸಿಲಿಗಿಂತ ಸಪೂರ ಆಗಿತ್ತು, ಅದನ್ನೂ ಹೊಸದು ಹಾಕಿದೆ. ತಟ್ಟೆ ಈಗ ಒಣ, ಪಂಪ್ ತಾನಾಗಿ ಓಡುವುದೂ ನಿಂತಿತು. ಕಾಯಿಸುವಾಗ ಮಾತ್ರ ಬಾಟಲಿಗೆ ಒಂದು ಲೋಟದಷ್ಟು ಬರುತ್ತದೆ. ಇದನ್ನು ಹಾಗೇ ಬಿಡುವುದಾ?

ಬೈಕಂಪಾಡಿ ಫಿಟ್ಟರ್

ಬಿಡಬಹುದು. ಬಿಸಿ ತಡೆಯುವ ಪೈಪ್ ಹಾಕಿ ಗಾಡಿಯ ನೆಲದಿಂದ ಹೊರಗೆ ಬಿಡಿ, ಎಲ್ಲೂ ಮಡಚಬಾರದು, ತುದಿ ಬಂದ್ ಮಾಡಬಾರದು, ಬ್ರೇಕ್ ಪೈಪಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಅಷ್ಟು ನೀರೂ ಹಾಳಾಗುವುದು ಬೇಡ ಅಂತಿದ್ದರೆ ವಾಲ್ವಿಗೂ ಗೀಸರ್‌ಗೂ ಮಧ್ಯೆ ಒಂದು ಸಣ್ಣ ಎಕ್ಸ್‌ಪಾನ್ಷನ್ ಟ್ಯಾಂಕ್ (ಹಿಗ್ಗಿದ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬ) ಕೂರಿಸಿ. ಪಂಪಿನ ಕಡೆ ಹಾಕಿದರೆ ಪ್ರಯೋಜನ ಇಲ್ಲ. ನೀರಿನ ಪ್ರೆಶರ್ ಪೂರ್ತಿ ಇಳಿಸಿದ ಮೇಲೆ ಅದಕ್ಕೆ ಸೈಕಲ್ ಪಂಪಿನಲ್ಲೇ ಗಾಳಿ ಹೊಡೆಯಬಹುದು, ನೀರಿನ ಪಂಪ್ ಸ್ಟಾರ್ಟ್ ಆಗುವ ಪ್ರೆಶರ್ ಎಷ್ಟೋ ಅಷ್ಟಕ್ಕೆ.