ಅಪ್‌ಡೇಟ್: ಎಸ್9 ಬಿಟ್ಟು ಬಿಟ್‌ಆಕ್ಸ್ ತಗೊಂಡೆ

ಮಡಿಕೇರಿ ಮನೆಯಲ್ಲಿ ಹವ್ಯಾಸಕ್ಕೆ ಬಿಟ್‌ಕಾಯಿನ್ ಮೈನಿಂಗ್ (ಮೆಷಿನ್‌ನಲ್ಲಿ ಲೆಕ್ಕ ಓಡಿಸಿ ಬಿಟ್‌ಕಾಯಿನ್ ಗಳಿಸೋದು) ಮಾಡೋಕೆ ಆಂಟ್‌ಮೈನರ್ ಎಸ್9 ಅನ್ನೋ ದೊಡ್ಡ ಮೈನಿಂಗ್ ಮೆಷಿನ್ ಸೆಕೆಂಡ್ ಹ್ಯಾಂಡ್ ತಗೊಳ್ಳಲೋ, ಬಿಟ್‌ಆಕ್ಸ್ ಅನ್ನೋ ಪುಟ್ಟ ಮೆಷಿನ್ ಸಾಕೋ ಅಂತ ಕೇಳಿದ್ದೆ. ಬಿಟ್‌ಆಕ್ಸ್ ತಗೊಂಡೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತೀರ್ಮಾನ ಆಗಿದ್ದು ಕರೆಂಟ್ ಲೆಕ್ಕದಲ್ಲಿ. ಎಸ್9 ಸುಮಾರು 1,300 ವಾಟ್ ಎಳೆಯುತ್ತೆ, ಅಂದ್ರೆ ದಿನಕ್ಕೆ 31 ಯೂನಿಟ್. ಬಿಟ್‌ಆಕ್ಸ್ 15-20 ವಾಟ್. ದಿನಕ್ಕೆ ಅರ್ಧ ಯೂನಿಟ್ ದಾಟಲ್ಲ. ಗ್ರಾಫಿಕ್ಸ್ ಕಾರ್ಡ್ ತಗೋ ಅಂದವರಿಗೆ: ಅದರಲ್ಲಿ ಮಾಡ್ತಿದ್ದ ಎಥೀರಿಯಂ (ಇನ್ನೊಂದು ಕ್ರಿಪ್ಟೋ ನಾಣ್ಯ) ಮೈನಿಂಗ್ 2022ರಲ್ಲೇ ಮುಗೀತು.

ನಮ್ಮ ಕೊಡಗಲ್ಲಿ ನಿಜವಾದ ಸಮಸ್ಯೆ ಥಂಡಿ. ಓಡ್ತಿರುವಾಗ ಮೆಷಿನ್ ಬಿಸಿಗೇ ಬೋರ್ಡ್ ಒಣಗಿರುತ್ತೆ. ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟ್ ಹೋದ್ರೆ ತಣ್ಣಗಾಗಿ, ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ಭಾಗ) ಸಂದುಗಳಲ್ಲಿ ತೇವ ಕೂರುತ್ತೆ. ಅದಕ್ಕೇ ರೂಟರನ್ನೂ ಇದನ್ನೂ ಇನ್ವರ್ಟರ್ ಲೈನಿಗೆ ಹಾಕಿದ್ದೀನಿ. ಬ್ಯಾಟರಿಯೂ ಮುಗಿದ್ರೆ ಮೆಷಿನ್ನಿನ ಪ್ಲಗ್ ತೆಗೆದು, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇರೋ ಡಬ್ಬಿಯಲ್ಲಿ ಮುಚ್ಚಿಡ್ತೀನಿ. ಇಲ್ಲಿ ಮೈನರ್ ಇಡೋರು ಇದೊಂದನ್ನ ದಯವಿಟ್ಟು ಮಾಡಿ.

ಸೋಲೋ ಹಾಕಿದ್ದೀನಿ, ಅಂದ್ರೆ ಬೇರೆ ಮೈನರ್‌ಗಳ ಗುಂಪಿಗೆ ಸೇರಿಲ್ಲ. ಬ್ಲಾಕ್ (ಬಿಟ್‌ಕಾಯಿನ್ ವಹಿವಾಟುಗಳ ದಾಖಲೆಯ ಹೊಸ ಪುಟ) ಸಿಕ್ಕರೆ 3.125 ಬಿಟ್‌ಕಾಯಿನ್ ಬಹುಮಾನ, ಆದರೆ ಸಿಗೋ ಸಾಧ್ಯತೆ ತೀರಾ ಕಡಿಮೆ. ಮಾರಿದ ಲಾಭಕ್ಕೆ 30% ತೆರಿಗೆ ಬೇರೆ. ದುಡ್ಡಿಗೋಸ್ಕರ ಯಾರೂ ತಗೋಬೇಡಿ. ಮೈನಿಂಗ್ ಹೇಗೆ ನಡೆಯುತ್ತೆ ಅಂತ ಕೈಯಾರೆ ಕಲಿಯೋ ಆಸೆ ಇದ್ರೆ ಖಂಡಿತ ತಗೊಳ್ಳಿ. ಸೆಟ್ಟಿಂಗ್ಸ್ ಬೇಕಾದವರು ಕೇಳಿ, ಹೇಳ್ತೀನಿ.